ನಾನೂರ ಐದು ಹೆಜ್ಜೆ

ಬಲಗಾಲನ್ನು ಒಂದು ಗುಂಡಿಯಲ್ಲಿಟ್ಟು ಎಡಗಾಲನ್ನು ಮುಂದಕ್ಕೆ ಚಾಚಿದರೆ ಅದು ಮುಂದಿನ ಗುಂಡಿಯನ್ನು ಮುಟ್ಟದೆ ಅರ್ಧ ದಾರಿಯಲ್ಲೇ, ಬರಿಯ ಸಿಮೆಂಟಿನ ಮೇಲೆ ಇಳಿದುಬಿಟ್ಟಿತು. ಆಸ್ಬರಿ ಡೈಸ್ ತಲೆ ಬಗ್ಗಿಸಿ ನೋಡಿದ. ಗುಂಡಿಯೂ ತನ್ನದೇ, ಕಾಲೂ ತನ್ನದೇ, ಬೂಟಿನ ಅಳತೆಯೂ ಅಂದಿನದೇ. ಆದರೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ನಲವತ್ತಾರು ವರ್ಷದ ಹಿಂದೆ ಚರ್ಚಿನ ಗೇಟಿನಿಂದ ಸಭಾಮನೆಯ ಬಾಗಿಲವರೆಗೆ ಹೊಸದಾಗಿ ಸಿಮೆಂಟು ಹಾಕಿ ಮಟ್ಟ ಮಾಡಿದ್ದ ದಿನ ಅವನು ಒಂದು ಬಕೆಟ್ಟು ಏಡಿ ಹಿಡಿದುಕೊಂಡು, ಆಗಿನ್ನೂ ಹೆಂಡತಿಯಾಗಿರದ ವರ್ನೆಲ್ಲಾಳ ಮನೆಯಲ್ಲಿ ಇವತ್ತು ಏನು ನೆಪ ಹೇಳಬೇಕೆಂದು ಯೋಚಿಸುತ್ತಾ, ಆ ಹಸಿ ಸಿಮೆಂಟಿನ ಮೇಲೆ ಹತ್ತೊಂಬತ್ತು ಹೆಜ್ಜೆ ನಡೆದುಹೋಗಿದ್ದ. ಕೆಲಸದವನು ಬಂದು ನೋಡಿ, ಸಿಟ್ಟಿನಲ್ಲಿ ಮೊಳೆ ತೆಗೆದುಕೊಂಡು ಕೊನೆಯ ಹೆಜ್ಜೆಯ ಪಕ್ಕ ತಾರೀಖು ಗೀಚಿ, ಕೆಳಗೆ 'ಕತ್ತೆ' ಎಂದು ಬರೆದಿದ್ದ. ಅಂದಿನಿಂದ ಮಳೆ ಬಂದರೆ ಹತ್ತೊಂಬತ್ತರಲ್ಲೂ ನೀರು ನಿಲ್ಲುತ್ತದೆ. ಆಸ್ಬರಿಯ ಕೆರೆಗಳು ಎಂದು ಕಿಟ್ರೆಲ್ ದ್ವೀಪದವರು ಕರೆಯುತ್ತಾರೆ. ಕಾಲು ಒದ್ದೆಯಾಗುತ್ತದೆಂದು ಎಲ್ಲರೂ ಪಕ್ಕದ ಹುಲ್ಲಿನ ಮೇಲೆ ನಡೆಯುವುದು ರೂಢಿ. ಅವನಂತೂ ಎಷ್ಟೋ ವರ್ಷದಿಂದ ಬ್ಯಾಟರಿ ಗಾಡಿಯಲ್ಲಿ ಸಭಾಮನೆಯ ಹಿಂಬಾಗಿಲಿಗೆ ಹೋಗಿ ಇಳಿಯುವವನು. ಇವತ್ತು ಬೆಳಗಿನ ಉಬ್ಬರದಲ್ಲಿ ಅಂಗಳಕ್ಕೆ ನೀರು ಬಂದು ಗಾಡಿಯ ಬ್ಯಾಟರಿ ಸತ್ತಿತ್ತು, ಹುಲ್ಲೂ ಮುಳುಗಿತ್ತು, ದಾರಿ ಇದೊಂದೇ ಉಳಿದಿತ್ತು. ತಮಾಷೆಗೆ ಕಾಲಿಟ್ಟು ನೋಡಿದ್ದ, ಅಷ್ಟೇ.

ಮತ್ತೊಮ್ಮೆ ಇಟ್ಟ. ಬಲ, ಎಡ, ಬಲ. ಮೂರನೆಯದಕ್ಕೆ ಎರಡನೆಯ ಗುಂಡಿ ಸಿಕ್ಕಿತು. ಹಳೆಯ ಒಂದು ಹೆಜ್ಜೆಗೆ ಈಗಿನ ಎರಡು. ಅವನ ಕಂಕುಳಲ್ಲಿ ಮೇಣದ ಬಟ್ಟೆಯಲ್ಲಿ ಸುತ್ತಿದ ನೋಟುಬುಕ್ಕಿತ್ತು. ಅದು ಇದ್ದಕ್ಕಿದ್ದಂತೆ ಬಿಸಿಯಾದಂತೆ ಅನಿಸಿತು. ಪ್ರತಿ ಈಸ್ಟರ್ ಸೋಮವಾರ, ಅವನ ಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗದ ಕೆಳಗಿರುವ ಅಜ್ಜಿ ಜಿಪ್ಪೋರಾಳ ಗೋರಿಗಲ್ಲಿನಿಂದ ಹೊರಟು, ಜೌಗುಹುಲ್ಲಿನ ನಡುವೆ ಪಡುವಣಕ್ಕೆ ನೆಟ್ಟಗೆ ನಡೆದು, ಹುಲ್ಲು ಮುಗಿದು ಕೊಲ್ಲಿಯ ನೀರು ಶುರುವಾಗುವಲ್ಲಿಗೆ ಎಷ್ಟು ಹೆಜ್ಜೆ ಎಂದು ಗಟ್ಟಿಯಾಗಿ ಎಣಿಸುವುದು ಡೈಸ್ ಮನೆತನದ ಕೆಲಸ. ಊರಿಗೆ ಊರೇ ಹಿಂದೆ ನಡೆಯುತ್ತದೆ. ಕೊನೆಗೆ ಸಂಖ್ಯೆ ಕೂಗಿದಾಗ ಎಲ್ಲರೂ ಒಟ್ಟಾಗಿ "ಇನ್ನೂ ಇದೆ!" ಎನ್ನುತ್ತಾರೆ, ಅಲ್ಲೇ ನಿಂತು ವರ್ನೆಲ್ಲಾಳ ಎಂಟು ಪದರದ ಕೇಕು ತಿನ್ನುತ್ತಾರೆ. ಅಪ್ಪ ಕ್ಯಾಪ್ಟನ್ ಎಫ್ರೇಮ್ ಬರೀ ಎಣಿಸಿದ. ಬರೆದಿಡಲು ಶುರುಮಾಡಿದವನು ಆಸ್ಬರಿ, ಅದೇ ಸಿಮೆಂಟಿನ ವರ್ಷ. ಮೊದಲ ಸಾಲು: ನಾನೂರ ಹನ್ನೆರಡು. ಈ ವರ್ಷದ ಸಾಲು: ನಾನೂರ ಐದು. ನಲವತ್ತಾರು ವರ್ಷಕ್ಕೆ ಏಳೇ ಹೆಜ್ಜೆ ಹೋಗಿದೆ ಎಂದು ಟಿವಿಯವರು ಬಂದಾಗ ಕೂಡ ಎದೆಯುಬ್ಬಿಸಿ ಹೇಳಿದ್ದ. ಈಗ ಮತ್ತೊಮ್ಮೆ ಕೆಳಗಿನ ಗುಂಡಿಗಳನ್ನು ನೋಡಿದ. ಜೌಗು ಗಟ್ಟಿಯಾಗಿ ನಿಂತಿರಲಿಲ್ಲ. ಅದು ಕುಗ್ಗಿದಂತೆಲ್ಲ ಅವನ ಹೆಜ್ಜೆಯೂ ಜೊತೆಯಲ್ಲೇ ಕುಗ್ಗುತ್ತಾ ಬಂದಿತ್ತು, ಹಳೆಯ ಗಂಡಹೆಂಡಿರ ಹಾಗೆ.

"ಏನೋ ಮಾರಾಯ, ಕೊಕ್ಕರೆ ಥರ ಒಂಟಿ ಕಾಲಲ್ಲಿ ನಿಂತಿದ್ದೀಯ?"

ಸೈಕಲ್ಲಿನಲ್ಲಿ ಬಂದವನು ಹೇನಿ ಪಾರ್ಕ್ಸ್. ಪಕ್ಕದ ಮನೆಯವನು, ಊರ ಸಮಿತಿಯ ಅಧ್ಯಕ್ಷ, ಮಾತು ನಿಲ್ಲಿಸಲು ಬಾರದವನು. ಇವತ್ತು ಚರ್ಚಿಗೆ ಹಾಕುವ ಟೈ ಕಟ್ಟಿಕೊಂಡಿದ್ದ, ಕೆಳಗೆ ಏಡಿ ಹಿಡಿಯುವ ಗಂಬೂಟು.

"ಸುಮ್ನೆ ನಿಂತಿದ್ದೆ," ಎಂದ ಆಸ್ಬರಿ.

"ಟಪಾಲು ದೋಣಿ ಇನ್ನರ್ಧ ಗಂಟೇಲಿ ಬರುತ್ತೆ. ಆ ಎಂಜಿನಿಯರಮ್ಮ ಅದರಲ್ಲೇ ಬರ್ತಾಳೆ. ಪುಸ್ತಕ ತಂದ್ಯಾ?"

"ತಂದೆ."

ಹೇನಿ ಪುಸ್ತಕವನ್ನು ನೋಡಿದ, ಆಕಾಶ ನೋಡಿದ, ಟೈ ಸಡಿಲ ಮಾಡಿಕೊಂಡ. "ಅಲ್ಲ, ನೀರು ಜಾಸ್ತಿ ಇದೆ ಇವತ್ತು. ಪುಸ್ತಕ ಜಾರಿ ಬಿದ್ರೆ ಏನೂ ಮಾಡೋಕಾಗಲ್ಲ. ಯಾರಿಗಾದ್ರೂ ಆಗುತ್ತೆ. ಬಿದ್ರೂ ನಾನೇನೂ ಬೇಜಾರು ಮಾಡ್ಕೊಳಲ್ಲ, ಆಯ್ತಾ?"

"ಬೀಳಲ್ಲ. ಭದ್ರವಾಗಿ ಹಿಡ್ಕೊಂಡಿದ್ದೀನಿ."

"ಅಷ್ಟೊಂದು ಭದ್ರವಾಗಿ ಬೇಕಾಗಿಲ್ಲ ಕಣೋ," ಎಂದು ಹೇನಿ ಪೆಡಲು ತುಳಿದು ಹೋದ.

ಎಂಥ ಕಾಳಜಿಯ ಮನುಷ್ಯ ಎಂದುಕೊಂಡ ಆಸ್ಬರಿ. ಆ ಕಾಳಜಿಗೆ ತಾನು ಯೋಗ್ಯನಲ್ಲ ಎಂದು ಇನ್ನೂ ಕುಗ್ಗಿದ. ಯಾಕೆಂದರೆ ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿರಲಿಲ್ಲ. ಅಪ್ಪನ ಕೊನೆಯ ಈಸ್ಟರಿನಲ್ಲಿ ಅಪ್ಪ ಜಗಲಿಯ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ, ಆಸ್ಬರಿ ಎಣಿಸುತ್ತಾ ಹೋಗಿದ್ದ, ಮುನ್ನೂರ ಅರವತ್ತಕ್ಕೇ ಎದುರಿಗೆ ನೀರು ಮಿನುಗಿತ್ತು. ಅವನ ಕಾಲು ತಾನಾಗಿ ಸಣ್ಣದಾಯಿತು. ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ, ಸೂಜಿಗೆ ದಾರ ಪೋಣಿಸುವವನಂತೆ ನಾನೂರ ಹತ್ತು ಮಾಡಿದ. ವಾಪಸು ಬಂದಾಗ ಅಪ್ಪ "ಎಷ್ಟು ಬಂತೋ?" ಎಂದು ಕೇಳಿದ. "ನಾನೂರ ಹತ್ತು." "ಇನ್ನೂ ಇದೆ," ಎಂದು ಅಪ್ಪ ಕಣ್ಣು ಮುಚ್ಚಿ ನಕ್ಕ. ಜೂನಿನಲ್ಲಿ ಹೋದ. ಆ ನಗುವಿಗಾಗಿ ಹೇಳಿದ ಸುಳ್ಳು ಮುಂದಿನ ವರ್ಷ ಕೇಕು ಹಿಡಿದು ನಿಂತವರ ಮುಖ ನೋಡಿ ಮುಂದುವರಿಯಿತು, ಅದರ ಮುಂದಿನ ವರ್ಷ ಅಭ್ಯಾಸವಾಯಿತು, ಆಮೇಲೆ ಮಂಡಿ ನೋವು ಬಂದು ಸುಳ್ಳಿನ ಕೆಲಸವನ್ನು ತಾನೇ ವಹಿಸಿಕೊಂಡಿತು. ಎಷ್ಟು ಪಾಲು ಮಂಡಿಯದು, ಎಷ್ಟು ತನ್ನದು ಎಂದು ಈಗ ಅವನಿಗೇ ಗೊತ್ತಿರಲಿಲ್ಲ. ಈಗ ಆ ಸುಳ್ಳಿಗೆ ಇಡೀ ಊರೇ ಜೋತುಬಿದ್ದಿತ್ತು. ಪಡುವಣ ದಂಡೆಗೆ ಸರಕಾರ ಕಲ್ಲಿನ ತಡೆಗೋಡೆ ಕಟ್ಟಿಸಿಕೊಡುವ ದ್ವೀಪಗಳ ಪಟ್ಟಿ ಈ ತಿಂಗಳು ಮುಗಿಯುತ್ತಿತ್ತು. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಒಂದು ವರ್ಷ ಉಬ್ಬರ, ಒಂದು ವರ್ಷ ಇಳಿತ. ಹುಲ್ಲು ಎಲ್ಲಿ ಮುಗಿಯಿತೆಂದು ಪಟ್ಟಿ ಮಾಡುವ ಕಚೇರಿಯಲ್ಲಿ ಮೂವರಿಗೆ ಮೂರು ಅಭಿಪ್ರಾಯ. ಆದ್ದರಿಂದ ಊರವರೇ ನಲವತ್ತು ವರ್ಷ ಬರೆದಿಟ್ಟ ಅಳತೆ ಬೇಕು ಎಂದಿದ್ದರು. ಇಡೀ ಕೊಲ್ಲಿಯಲ್ಲಿ ಅಂಥ ಪುಸ್ತಕ ಇದ್ದದ್ದು ಕಿಟ್ರೆಲ್‌ನಲ್ಲಿ ಮಾತ್ರ. ಏಳು ಹೆಜ್ಜೆಗೆ ಯಾರು ಗೋಡೆ ಕಟ್ಟಿಸುತ್ತಾರೆ?

ಎಂಜಿನಿಯರಮ್ಮನನ್ನು ಎದುರುಗೊಳ್ಳಲು ದೋಣಿಕಟ್ಟೆಯ ಕಡೆ ನಡೆದ; ಆ ದಾರಿಯ ಪಕ್ಕದ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಹೇನಿಯ ಮಾತು ನೆನಪಾಯಿತು. ಯಾರಿಗಾದರೂ ಆಗುತ್ತದೆ. ಪುಸ್ತಕವೇ ಇಲ್ಲದಿದ್ದರೆ ಅಳತೆಯೇ ಇಲ್ಲ, ಅಳತೆ ಇಲ್ಲದಿದ್ದರೆ ಸುಳ್ಳೂ ಇಲ್ಲ; ಬೇರೆ ಊರುಗಳಂತೆ ಸಾಲಿನಲ್ಲಿ ನಿಂತು ಅಳಬಹುದು. ಅವನು ಆಚೀಚೆ ನೋಡಿದ. ಮೇರಿ ಕ್ರೌಚಳ ಕೋಳಿ ಒಂದು ನೋಡುತ್ತಿತ್ತು. ಅದು ತಲೆ ತಿರುಗಿಸುವವರೆಗೆ ಕಾದು, ಕಂಕುಳನ್ನು ಸಡಿಲಿಸಿದ. ಪುಸ್ತಕ ನೀರಿಗೆ ಬಿತ್ತು. ಮುಳುಗಲಿಲ್ಲ. ಮೇಣದ ಬಟ್ಟೆಯನ್ನು ಅಪ್ಪ ಕಲಿಸಿದ ಹಾಗೆ ಸುತ್ತಿದ್ದ ಬಿಗಿ ಅಂಥದ್ದು. ಬಾತುಕೋಳಿಯಂತೆ ಮೇಲೆದ್ದು, ಕಾಲುವೆಯ ಸೆಳೆತಕ್ಕೆ ಸಿಕ್ಕಿ ಕಟ್ಟೆಯ ಕಡೆಗೇ ಹೊರಟಿತು. ಅದರಲ್ಲಿ ಅಪ್ಪ ಇದ್ದ, ಅಪ್ಪನ ನಗು ಇತ್ತು. ಆಸ್ಬರಿ ಅದರ ಹಿಂದೆ ಓಡಿದ, ಅಂದರೆ ಓಡುತ್ತಿದ್ದೇನೆ ಎಂದುಕೊಂಡ. ಪುಸ್ತಕ ನಿಧಾನವಾಗಿಯೇ ತೇಲುತ್ತಿತ್ತು, ಆದರೂ ಅವನಿಗೆ ಸಿಗಲಿಲ್ಲ. ಕಟ್ಟೆ ಮುಟ್ಟುವ ಹೊತ್ತಿಗೆ ಟಪಾಲು ದೋಣಿ ಹಗ್ಗ ಕಟ್ಟಿಯಾಗಿತ್ತು. ಉದ್ದ ಕಾಲಿನ ಹುಡುಗಿಯೊಬ್ಬಳು ಕೊಕ್ಕೆಕೋಲು ಚಾಚಿ ಒಂದು ಪೊಟ್ಟಣವನ್ನು ಮೇಲೆತ್ತುತ್ತಿದ್ದಳು.

"ಇದು ಯಾರದು?" ಎಂದು ಕೇಳಿ, ಬಿಚ್ಚಿ, ಮೊದಲ ಪುಟ ಓದಿ ಅವಳ ಮುಖ ಅರಳಿತು. "ಅಯ್ಯೋ, ಇದೇ ಅಲ್ವಾ ಆ ಪುಸ್ತಕ! ನಾನು ಡೆಲಾನಿ, ಎಂಜಿನಿಯರ್. ನೀವು ಮಿಸ್ಟರ್ ಡೈಸ್ ತಾನೇ? ಸ್ವಲ್ಪದರಲ್ಲಿ ತಪ್ಪಿತು ನೋಡಿ, ಒಂದು ಹನಿ ನೀರೂ ಒಳಗೆ ಹೋಗಿಲ್ಲ!"

"ದೇವರ ದಯೆ," ಎಂದ ಆಸ್ಬರಿ ಏದುಸಿರು ಬಿಡುತ್ತಾ. ಕಟ್ಟೆಯ ಮೇಲಿದ್ದ ಹೇನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಸಭಾಮನೆಯಲ್ಲಿ ಅರವತ್ತು ಜನ ಸೇರಿದ್ದರು. ಉಳಿದ ಮೂವರು ಹಾಸಿಗೆ ಹಿಡಿದವರು. ವರ್ನೆಲ್ಲಾ ಮೇಜಿನ ಮೇಲೆ ಎಂಟು ಪದರದ ಕೇಕು ಇಟ್ಟು, ಯಾರೂ ಮುಟ್ಟಬಾರದೆಂದು ಅದರ ಪಕ್ಕದಲ್ಲೇ ಕೂತಿದ್ದಳು. ಮಿಸ್ ಡೆಲಾನಿ ಒಂದೊಂದೇ ಪುಟ ಮಗುಚಿದಳು. ಆಸ್ಬರಿ ಅವಳ ಬೆರಳನ್ನೇ ನೋಡುತ್ತಿದ್ದ. ಬೆಳಗ್ಗೆ ಏಡಿತೊಟ್ಟಿಯಲ್ಲಿ ನೋಡಿದ್ದ, ಹಳೆ ಚಿಪ್ಪು ಕಳಚುತ್ತಾ ಅರ್ಧ ಹೊರಬಂದ ಏಡಿಯೊಂದು ನೆನಪಾಯಿತು. ಆ ಹೊತ್ತಿನಲ್ಲಿ ಏಡಿಗೆ ಚಿಪ್ಪೂ ಇಲ್ಲ, ಬಲವೂ ಇಲ್ಲ, ಯಾರು ಬೇಕಾದರೂ ಹಿಚುಕಬಹುದು. ಅದಕ್ಕೆ ನಾಚಿಕೆ ಅನ್ನುವುದಿದ್ದರೆ ಹೀಗೇ ಇರಬೇಕು. ವರ್ನೆಲ್ಲಾ ಅವನ ಪ್ಯಾಂಟಿನ ಕಡೆ ಕೈ ತೋರಿಸಿ ಏನೋ ಸನ್ನೆ ಮಾಡುತ್ತಿದ್ದಳು. ನೋಡಿದರೆ ಗುಂಡಿ ಬಿಚ್ಚಿತ್ತು. ಹಾಕಿಕೊಂಡ.

"ನಾನೂರ ಹನ್ನೆರಡರಿಂದ ನಾನೂರ ಐದು," ಎಂದು ಮಿಸ್ ಡೆಲಾನಿ ಪುಸ್ತಕ ಮುಚ್ಚಿದಳು. "ನಿಜ ಹೇಳ್ತೀನಿ, ನನಗೆ ತುಂಬಾ ಸಂತೋಷ ಆಗಿದೆ. ಬೇರೆ ದ್ವೀಪಗಳಲ್ಲಿ ನೋಡೋಕಾಗಲ್ಲ, ಅಷ್ಟು ಹೋಗಿದೆ. ನಿಮ್ಮದು ಬಂಡೆ ಥರ ನಿಂತಿದೆ. ಈ ಪಟ್ಟಿಯಲ್ಲಿ ನಿಮ್ಮ ಹೆಸರು ಹಾಕೋ ಅಗತ್ಯಾನೇ ಇಲ್ಲ."

ಹೇನಿ, ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹೇನಿ ಪಾರ್ಕ್ಸ್, ತನ್ನ ಟೈಯನ್ನು ಓದುತ್ತಿದ್ದ. ಹೊರಗೆ ನೀರು ಸಭಾಮನೆಯ ಎರಡನೆಯ ಮೆಟ್ಟಿಲನ್ನು ನೆಕ್ಕುವ ಸದ್ದು ಕೇಳುತ್ತಿತ್ತು. ಆಸ್ಬರಿಗೆ ಒಂದು ಕ್ಷಣ ಅಪ್ಪನ ಮೇಲೆ ಸಿಟ್ಟು ಬಂತು, ಸಾಯುವಾಗ ಯಾಕೆ ಕೇಳಬೇಕಿತ್ತು ಸಂಖ್ಯೆಯನ್ನು, ಬೇರೇನಾದರೂ ಕೇಳಬಹುದಿತ್ತಲ್ಲ, ಒಂದು ಲೋಟ ನೀರು ಕೇಳಬಹುದಿತ್ತು. ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಯಿತು. ಕುರ್ಚಿಯಿಂದ ಎದ್ದ. ಮಂಡಿ ಟಕ್ಕೆಂದಿತು, ಇಡೀ ಸಭೆಗೆ ಕೇಳಿಸಿತು.

"ಆ ಪುಸ್ತಕ ಸುಳ್ಳು," ಎಂದ. "ಹೆಜ್ಜೆ ಸಣ್ಣದಾಗಿದೆ. ಹುಲ್ಲು ಹೋಗಿದೆ, ಸಿಕ್ಕಾಪಟ್ಟೆ ಹೋಗಿದೆ. ನಾನೇ ಸಣ್ಣದು ಮಾಡಿದ್ದು. ಮೊದಲು ಬೇಕಂತ ಮಾಡಿದೆ, ಆಮೇಲೆ ತಾನಾಗೇ ಆಯ್ತು. ಊರವರದ್ದು ಏನೂ ತಪ್ಪಿಲ್ಲ, ಇವರೆಲ್ಲಾ ನನ್ನ ನಂಬಿದ್ರು."

ಕೂಗಾಡುತ್ತಾರೆ ಎಂದು ಕಾದ. ಬೆನ್ನು ಕೂಡ ಬಿಗಿಮಾಡಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಸೀನಿದರು.

"ನಂಬಿದ್ವಾ?" ಎಂದಳು ವರ್ನೆಲ್ಲಾ ಕೇಕಿನ ಪಕ್ಕದಿಂದ. "ಲೋ ಆಸ್ಬರಿ, ನಲವತ್ತು ಈಸ್ಟರು ನಿನ್ನ ಹಿಂದೆ ಇದೇ ಕೇಕು ಹೊತ್ಕೊಂಡು ನಡೆದಿದ್ದೀನಿ. ಮೊದಲೆಲ್ಲಾ ದಡ ಮುಟ್ಟೋದ್ರೊಳಗೆ ಕೈ ಬಿದ್ದುಹೋಗೋದು, ಮಧ್ಯದಲ್ಲಿ ಇನ್ನೊಬ್ಬರ ಕೈಗೆ ಕೊಡ್ತಿದ್ದೆ. ಈಗ ಕೈ ನೋಯೋದೇ ಇಲ್ಲ. ಕೇಕು ಹಗುರ ಆಯ್ತಾ, ಇಲ್ಲಾ ನಾನು ಪೈಲ್ವಾನ್ ಆದ್ನಾ?"

"ನಿಂಗೆ ಗೊತ್ತಿತ್ತಾ?"

"ಅವಳಿಗೊಬ್ಬಳಿಗೇನಾ?" ಹೇನಿಯ ಬಾಯಿ ಕೊನೆಗೂ ತೆರೆಯಿತು. "ನಿನ್ನ ಹಿಂದೆ ನಡೆಯೋದು ಎಷ್ಟು ಕಷ್ಟ ಗೊತ್ತೇನೋ? ಅರವತ್ತು ಜನ ಬಾತುಮರಿಗಳ ಥರ ಪುಟುಪುಟು ಹೋಗ್ಬೇಕು, ನಿನ್ನ ದಾಟೋ ಹಾಗಿಲ್ಲ! ಮೂರು ಸಲ ನಿನ್ನ ಹಿಮ್ಮಡಿ ತುಳಿದಿದ್ದೀನಿ. ಮನೆಗೆ ಹೋಗಿ ಸೊಂಟಕ್ಕೆ ಎಣ್ಣೆ ಹಚ್ಕೊಳ್ತೀನಿ ಪ್ರತಿ ವರ್ಷ. ಎರಡು ವಾರದಿಂದ ಹೇಳ್ಬೇಕು ಹೇಳ್ಬೇಕು ಅಂತ, ನಿನ್ನ ಮುಖ ನೋಡಿದ್ರೆ ಆಗ್ತಿರಲಿಲ್ಲ. ನೀರಿಗೆ ಬೀಳಿಸೋ ಅಂತ ಬಾಯಿಬಿಟ್ಟು ಹೇಳಿದ್ನಲ್ಲ!"

"ಬೀಳಿಸಿದೆ ಕಣೋ. ತೇಲಿತು."

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಆಸ್ಬರಿಯೂ ನಗುತ್ತಾ ನಗುತ್ತಾ ಮತ್ತೆ ಕುರ್ಚಿಯಲ್ಲಿ ಕೂತ. ಅವರೆಲ್ಲರಿಗೂ ಗೊತ್ತಿತ್ತು. ಪ್ರತಿ ವರ್ಷ ಇಷ್ಟು ಜನ ತನಗಾಗಿ ಕಾಲು ಮುದುರಿಕೊಂಡು ನಡೆದಿದ್ದರು. ತಾನು ಅವರಿಗಾಗಿ ಮುದುರಿಕೊಂಡಿದ್ದ. ಹೀಗೆ ಒಬ್ಬರನ್ನೊಬ್ಬರು ಸಂತೈಸುತ್ತಾ ಊರು ಅರ್ಧ ಆಗಿತ್ತು.

ಮಿಸ್ ಡೆಲಾನಿ ಮಾತ್ರ ನಕ್ಕಿರಲಿಲ್ಲ. ಪೆನ್ನು ಕಚ್ಚುತ್ತಾ ಏನೋ ಯೋಚಿಸುತ್ತಿದ್ದಳು. "ಮೊದಲ ವರ್ಷದ ಲೆಕ್ಕ? ಅದೂ ಸುಳ್ಳಾ?"

"ಇಲ್ಲ. ಅದು ನಿಜ. ಆಗ ನಾನು ಕುದುರೆ ಥರ ನಡೀತಿದ್ದೆ."

"ಆಗಿನ ಒಂದು ಹೆಜ್ಜೆ ಎಷ್ಟು ಉದ್ದ ಇತ್ತು ಅಂತ ಗೊತ್ತಾದ್ರೆ ಸಾಕು. ಈಗಿನದನ್ನ ನಾವು ಅಳೀಬಹುದು. ಆದ್ರೆ ನಲವತ್ತಾರು ವರ್ಷದ ಹಿಂದಿನ ಹೆಜ್ಜೇನ ಎಲ್ಲಿಂದ ತರೋದು?"

ಅರವತ್ತು ತಲೆಗಳು ಒಟ್ಟಿಗೆ ಬಾಗಿಲ ಕಡೆಗೆ ತಿರುಗಿದವು.

ಬಾಗಿಲ ಬಳಿಯ ನೀರು ಇಳಿಯುವವರೆಗೆ ಎಲ್ಲರೂ ಮೆಟ್ಟಿಲ ಮೇಲೆ ಕಾದರು. ಮಿಸ್ ಡೆಲಾನಿ ಸಿಮೆಂಟಿನ ಮೇಲೆ ಮಂಡಿಯೂರಿ, ಹಿಮ್ಮಡಿಯಿಂದ ಹಿಮ್ಮಡಿಗೆ ಟೇಪು ಹಿಡಿದು ಹತ್ತೊಂಬತ್ತು ಗುಂಡಿಗಳನ್ನೂ ಅಳೆದಳು. ಸರಾಸರಿ ಮೂವತ್ನಾಲ್ಕು ಇಂಚು. ಕೊನೆಯ ಗುಂಡಿಯ ಪಕ್ಕದ ತಾರೀಖನ್ನು ಓದಿ, ಅದು ಪುಸ್ತಕದ ಮೊದಲ ಸಾಲಿನ ವರ್ಷವೇ ಎಂದು ನೋಡಿ, ಹಿಗ್ಗಿ ಫೋಟೋ ತೆಗೆದಳು. "ಕೆಳಗೆ ಇನ್ನೇನೋ ಬರೆದಿದೆಯಲ್ಲ?"

"ಅದು ಬೇಡ," ಎಂದ ಆಸ್ಬರಿ.

"ಇದ್ದದ್ದನ್ನ ಇದ್ದಂತೆ ಬರೀಬೇಕು, ಮಿಸ್ಟರ್ ಡೈಸ್," ಎಂದು ಅವಳು ಗಂಭೀರವಾಗಿ ಬರೆದುಕೊಂಡಳು. ಹೀಗೆ ಸರಕಾರಿ ಕಡತದಲ್ಲಿ ಅವನು ಕತ್ತೆಯಾದ. ಅದರಿಂದ ಯಾಕೋ ಅವನ ಮನಸ್ಸು ಹಗುರಾಯಿತು.

ಈಗಿನ ಅಳತೆಯನ್ನು ಟೇಪಿನಲ್ಲೇ ಮುಗಿಸಬಹುದಿತ್ತು. ಅವಳು ಹಾಗೇ ಹೇಳಿದಳು ಕೂಡ. ಆದರೆ ಊರು ಕೇಳಲಿಲ್ಲ. ಡೈಸ್ ಮನೆಯವನು ನಡೆಯದೆ ಕೂಗಿದ ಸಂಖ್ಯೆಯನ್ನು ಕಿಟ್ರೆಲ್‌ನಲ್ಲಿ ಯಾರೂ ಸಂಖ್ಯೆ ಎಂದು ಒಪ್ಪುವುದಿಲ್ಲ. ಹೇನಿ ಮೂವತ್ನಾಲ್ಕು ಇಂಚಿನ ಕೋಲು ಕತ್ತರಿಸಿ ತಂದ. ಜಿಪ್ಪೋರಾಳ ಗೋರಿಗಲ್ಲಿಗೆ ಬೆನ್ನು ಕೊಟ್ಟು, ಒಣಗಲು ಹಾಕಿದ್ದ ವರ್ನೆಲ್ಲಾಳ ಲಂಗದ ಕೆಳಗಿನಿಂದ ತಲೆ ತಗ್ಗಿಸಿ ಆಸ್ಬರಿ ಹೊರಟ. ಪ್ರತಿ ಹೆಜ್ಜೆಗೂ ಹೇನಿ ಕೋಲನ್ನು ಮುಂದೆ ಹಿಡಿಯುವುದು, ಆಸ್ಬರಿ ಕಾಲನ್ನು ಅದರ ತುದಿಯವರೆಗೆ ಎಸೆಯುವುದು, ಬೀಳದಂತೆ ವರ್ನೆಲ್ಲಾ ಅವನ ಬೆಲ್ಟು ಹಿಡಿದು ಹಿಂದಿನಿಂದ ಜಗ್ಗುವುದು. "ಎತ್ತೋ ಕಾಲು, ಎತ್ತು, ಕೋಲಿಗೆ ಇನ್ನೂ ಎರಡು ಇಂಚು ಇದೆ!" ಎಂದು ಹೇನಿ. "ಎತ್ತಿದ್ದೀನಲ್ಲೋ, ಇನ್ನೆಷ್ಟು ಎತ್ತಲಿ, ನಾನೇನು ಕುಣಿಯೋಕೆ ಬಂದಿದ್ದೀನಾ? ಮೂವತ್ತೊಂದು!" ಎಂದು ಅವನು. ಐವತ್ತಕ್ಕೆ ಬೆವರಿದ. ತೊಂಬತ್ತಕ್ಕೆ ಎಡಗಾಲಿನ ಬೂಟು ಕೆಸರಿನಲ್ಲಿ ಉಳಿಯಿತು, ಕಾಲು ಮಾತ್ರ ಬಂತು. ಅದು ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ಸ್ವಲ್ಪ ಹೊತ್ತು ವಾದವಾಗಿ, ಸೇರುತ್ತದೆ ಎಂದು ತೀರ್ಮಾನವಾಯಿತು. ಹಿಂದಿನಿಂದ ಜನ ಕೂಗಿ ಹುರಿದುಂಬಿಸುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅವರೂ ತಮ್ಮ ಕಾಲನ್ನು ಪೂರಾ ಬಿಚ್ಚಿ ನಡೆಯುತ್ತಿದ್ದರು. ಹುಲ್ಲಿನ ವಾಸನೆ, ಕೊಳೆತ ಕೆಸರಿನ ವಾಸನೆ, ಅಪ್ಪನ ಕಂಬಳಿಯ ವಾಸನೆ ಎಲ್ಲ ಒಂದಾಗಿತ್ತು. ಇಷ್ಟು ಉದ್ದದ ಹೆಜ್ಜೆಯಲ್ಲಿ ಒಂದು ಕಾಲದಲ್ಲಿ ತಾನು ಯೋಚಿಸದೆಯೇ ನಡೆಯುತ್ತಿದ್ದೆ, ಕೈಯಲ್ಲಿ ಬಕೆಟ್ಟು ಬೇರೆ ಇತ್ತು, ಎಂದುಕೊಂಡ. ಆಗ ಇಲ್ಲೆಲ್ಲ ಎದೆಯುದ್ದ ಹುಲ್ಲು, ಯಾರದಾದರೂ ದನ ಕಳೆದುಹೋದರೆ ಎರಡು ದಿನ ಸಿಗುತ್ತಿರಲಿಲ್ಲ. "ನೂರ ಎಂಬತ್ತೈದು," ಎಂದ. "ನೂರ ಎಂಬತ್ತಾರು." ಹೇನಿ ಕೋಲನ್ನು ಮುಂದಿಟ್ಟ. ಆಸ್ಬರಿ ಕಾಲೆಸೆದ. "ನೂರ ಎಂಬತ್ತೇಳು."

ಹೇನಿ ಕೋಲನ್ನು ಮತ್ತೆ ಮುಂದಕ್ಕೆ ಹಿಡಿದ. ಅದರ ಕೆಳಗೆ ನೀರಿತ್ತು. ಅವನು ಅದನ್ನು ಹಾಗೇ ಸ್ವಲ್ಪ ಹೊತ್ತು ನೀರಿನ ಮೇಲೆ ಹಿಡಿದುಕೊಂಡೇ ನಿಂತ, ಆಮೇಲೆ ಬೆನ್ನ ಹಿಂದೆ ಇಟ್ಟುಕೊಂಡ. ಮಿಸ್ ಡೆಲಾನಿ ಬರೆದುಕೊಂಡಳು. "ಇದನ್ನ ಯಾರೂ ಅಲ್ಲ ಅನ್ನೋಕಾಗಲ್ಲ. ನಿಮ್ಮ ಹೆಸರು ಪಟ್ಟಿಗೆ ಸೇರುತ್ತೆ," ಎಂದಳು. ಅದು ಒಳ್ಳೆಯ ಸುದ್ದಿ ಎಂದು ಎಲ್ಲರಿಗೂ ಅರ್ಥವಾಯಿತು, ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನೂರ ಹನ್ನೆರಡರಲ್ಲಿ ನೂರ ಎಂಬತ್ತೇಳು. ಆಸ್ಬರಿ ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಕಾಲುಚೀಲ ಹಾಕಿಕೊಂಡು ಊರಿನ ಕಡೆಗೆ ತಿರುಗಿ ನಿಂತ. ಸಂಖ್ಯೆ ಕೂಗುವುದು ಅವನ ಕೆಲಸ. "ನೂರ ಎಂಬತ್ತೇಳು!" ಎಂದು ಗಟ್ಟಿಯಾಗಿ ಕೂಗಿದ. ಜನ ಉತ್ತರ ಕೊಡಬೇಕು. ಕೊಡಲಿಲ್ಲ. ಇಲ್ಲಿಂದ ಚರ್ಚಿನ ಗೋಪುರ ಎಷ್ಟು ಹತ್ತಿರ ಕಾಣುತ್ತದೆ ಎನ್ನುವುದು ಅವನಿಗೆ ಈಗ ಗೊತ್ತಾಯಿತು. ಇಷ್ಟು ವರ್ಷ ಅವನು ಕಾಲಿನ ಕಡೆಗೇ ನೋಡುತ್ತಿದ್ದ. ಅವನಿಗೆ ಹೆದರಿಕೆಯಾಯಿತು, ಎಳೆಯ ಮಗುವಿಗೆ ಆಗುವಂಥ ಹೆದರಿಕೆ.

"ಇನ್ನೂ ಇದೆ," ಎಂದಳು ವರ್ನೆಲ್ಲಾ. ಒಬ್ಬಳೇ ಎಂದಳು, ಅವನ ಬೆಲ್ಟನ್ನು ಇನ್ನೂ ಹಿಡಿದುಕೊಂಡಿದ್ದಳು. "ನಡಿ ಮನೆಗೆ. ಕೇಕು ಅಲ್ಲೇ ಬಿಟ್ಟು ಬಂದಿದ್ದೀನಿ, ಮೇರಿಯ ಕೋಳಿ ಬಂದ್ರೆ ಮುಗೀತು."

ಬೂಟನ್ನು ಕಿತ್ತು ತಂದುಕೊಟ್ಟರು. ಆಸ್ಬರಿ ಮುಂದೆ ನಡೆದ. ಈಗ ಕೋಲಿರಲಿಲ್ಲ, ಕಾಲು ತನ್ನ ನಿಜವಾದ ಅಳತೆಗೆ ಮರಳಿತ್ತು. ಒಂದು ಮೊಳ, ಇನ್ನೊಂದು ಮೊಳ. ಹಿಂದೆ ಕೆಸರು ಪಚಪಚ ಎನ್ನುತ್ತಿತ್ತು. ಯಾರೋ ಅವನ ಹಿಮ್ಮಡಿ ತುಳಿದರು. "ಕ್ಷಮಿಸಿ, ಮಿಸ್ಟರ್ ಡೈಸ್," ಎಂದಳು ಉದ್ದ ಕಾಲಿನ ಮಿಸ್ ಡೆಲಾನಿ. "ಚಿಕ್ಕದಾಗಿ ಇಡಿ ಮಿಸ್," ಎಂದ ಹೇನಿ ಮೆಲ್ಲಗೆ, "ಅಭ್ಯಾಸ ಆಗುತ್ತೆ." ಆಸ್ಬರಿ ತಿರುಗಿ ನೋಡಲಿಲ್ಲ. ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳಬೇಕಾದ ಅರವತ್ತು ಜನರ ಬಾತುಹೆಜ್ಜೆ ಬೆನ್ನ ಹಿಂದೆ ಕೇಳುತ್ತಲೇ ಇತ್ತು. ಗೋರಿಗಲ್ಲಿನವರೆಗೂ ಯಾರೂ ಅವನನ್ನು ದಾಟಿ ಹೋಗಲಿಲ್ಲ.